ಒಂದು ಕಾಲು ತೆಗೆದರೆ ಬೆನ್ನುಹುರಿಯಲ್ಲಿ ಏನಾಗುತ್ತದೆ: ಕೋಳಿ ಭ್ರೂಣದ ನರಕೋಶಗಳ ಸಾವನ್ನು ಎಣಿಸುವ ಕೆಲಸದ ದಾಖಲೆ

ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ, ಸೊಂಟದ ಮಟ್ಟದಲ್ಲಿ, ಕಾಲಿನ ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳ ಒಂದು ಕಂಬವಿದೆ. ಒಂದೊಂದು ಬದಿಗೆ ಸುಮಾರು 20,000 ಕೋಶಗಳು ಹುಟ್ಟುತ್ತವೆ. ಕಾವಿನ 10ನೇ ದಿನಕ್ಕೆ ಉಳಿಯುವುದು 12,000ದ ಆಸುಪಾಸು. ರೋಗವಿಲ್ಲ, ಗಾಯವಿಲ್ಲ, ಚೆನ್ನಾಗಿ ಬೆಳೆಯುತ್ತಿರುವ ಎಲ್ಲ ಮರಿಗಳಲ್ಲೂ ಹೀಗೆಯೇ. ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1975ರಲ್ಲಿ ಎಣಿಸಿ ಪ್ರಕಟಿಸಿದ ಲೆಕ್ಕವಿದು. ಮುಂದೆ ಕಾಲಾಗಿ ಬೆಳೆಯುವ ಉಬ್ಬನ್ನು, ಅಂದರೆ ಕಾಲಿನ ಮೊಗ್ಗನ್ನೇ, ಮೊದಲು ಕತ್ತರಿಸಿ ತೆಗೆದರೆ ಆ ಬದಿಯ ಕೋಶಗಳು ಬಹುಪಾಲು ಎಲ್ಲವೂ ಸಾಯುತ್ತವೆ. ಇಲ್ಲಿರುವುದು ಆ ಪ್ರಯೋಗವನ್ನು ಸಾಧಾರಣ ಕಾಲೇಜು ಪ್ರಯೋಗಾಲಯದಲ್ಲಿ ನಡೆಸುವ ಕ್ರಮ: ಕಾವು ಪೆಟ್ಟಿಗೆ ಕಟ್ಟುವುದರಿಂದ ಸ್ಲೈಡ್ ಎಣಿಸುವವರೆಗೆ. ಶುರು ಮಾಡುವ ಮೊದಲು ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಪಡೆದಿರಬೇಕು.

ಯೋಜನೆಯ ಜೀವಾಳ ಶಸ್ತ್ರಕ್ರಿಯೆಯಲ್ಲ, ವೇಳಾಪಟ್ಟಿ. ಹ್ಯಾಂಬರ್ಗರ್ 1934ರಲ್ಲಿ ರೆಕ್ಕೆಯ ಮೊಗ್ಗು ತೆಗೆದು, ಆ ಬದಿಯಲ್ಲಿ ನರಕೋಶಗಳು ಕಡಿಮೆಯಾದದ್ದನ್ನು ಕಂಡರು. ರೆಕ್ಕೆಯಿಂದ ಸೂಚನೆ ಬಾರದ್ದರಿಂದ ಹೊಸ ಕೋಶಗಳು ರೂಪುಗೊಳ್ಳಲೇ ಇಲ್ಲ ಎಂಬುದು ಅವರ ವಿವರಣೆಯಾಗಿತ್ತು. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಜುಸೆಪ್ಪೆ ಲೆವಿ ಯುದ್ಧದ ನಡುವೆ, 1942ರಲ್ಲಿ, ಬೇರೆ ಬೇರೆ ವಯಸ್ಸಿನ ಭ್ರೂಣಗಳನ್ನು ನೋಡಿ ಬೇರೆಯೇ ಮಾತು ಹೇಳಿದರು: ಕೋಶಗಳು ಹುಟ್ಟಿವೆ, ಬೆಳೆಯಲು ತೊಡಗಿವೆ, ಆಮೇಲೆ ಸತ್ತಿವೆ. ಟ್ಯೂರಿನ್‌ನ ಮನೆಯ ಮಲಗುವ ಕೋಣೆಯಲ್ಲಿ, ಹೊಲಿಗೆ ಸೂಜಿಗಳನ್ನು ಮಸೆದು ಮಾಡಿಕೊಂಡ ಉಪಕರಣಗಳಿಂದ ನಡೆದ ಕೆಲಸವದು. 1949ರಲ್ಲಿ ಹ್ಯಾಂಬರ್ಗರ್ ಮತ್ತು ಲೆವಿ-ಮೊಂಟಾಲ್ಚಿನಿ ಕೂಡಿ ಬರೆದ ಪ್ರಬಂಧದಲ್ಲಿ ಎರಡನೆಯ ವಿವರಣೆಯೇ ಗೆದ್ದಿತು. 10ನೇ ದಿನದ ಒಂದೇ ಎಣಿಕೆ ಇಟ್ಟುಕೊಂಡು ಕೂತರೆ ‘ಹುಟ್ಟಲಿಲ್ಲ’ ಎನ್ನುವುದಕ್ಕೂ ‘ಹುಟ್ಟಿ ಸತ್ತಿತು’ ಎನ್ನುವುದಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಹಾಗಾಗಿ ಭ್ರೂಣಗಳನ್ನು 5, 6, 8 ಮತ್ತು 10ನೇ ದಿನ ಹೊರತೆಗೆಯಬೇಕು. ನಾಲ್ಕರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ 6 ಅಥವಾ 8ನ್ನು ಬಿಡಿ. 5ನ್ನು ಮಾತ್ರ ಬಿಡಬೇಡಿ.

ಕಾವು ಪೆಟ್ಟಿಗೆ

ಒಳಅಳತೆ 45 × 35 × 30 ಸೆಂ.ಮೀ. ಇರುವ, 25 ಮಿ.ಮೀ. ದಪ್ಪದ ಥರ್ಮೋಕೋಲ್ ಪೆಟ್ಟಿಗೆ ಸಾಕು. ಮೀನು ಸಾಗಿಸುವ ಪೆಟ್ಟಿಗೆಯೂ ಆಗುತ್ತದೆ, ಚೆನ್ನಾಗಿ ತೊಳೆದಿದ್ದರೆ. ಗೋಡೆಗಳ ವಿಸ್ತೀರ್ಣ ಸುಮಾರು 0.8 ಚದರ ಮೀಟರ್. ಒಳಗೆ 37.5, ಹೊರಗೆ 22 ಡಿಗ್ರಿ ಇದ್ದಾಗ ಗೋಡೆಯ ಮೂಲಕ ಸೋರುವ ಶಾಖ 17 ವ್ಯಾಟ್‌ನಷ್ಟು. ಗಾಳಿಯ ತೂತು, ನೀರು ಆವಿಯಾಗುವುದು ಸೇರಿ ಇನ್ನೂ ನಾಲ್ಕೈದು ವ್ಯಾಟ್. ಆದ್ದರಿಂದ ಒಂದು 60 ವ್ಯಾಟ್ ಬಲ್ಬಿನ ಬದಲು ಸಮಾಂತರವಾಗಿ ಎರಡು 25 ವ್ಯಾಟ್ ಫಿಲಮೆಂಟ್ ಬಲ್ಬು ಹಾಕುವುದು ಲೇಸು: ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಹೇಗೋ ಎಳೆದುಕೊಂಡು ಹೋಗುತ್ತದೆ. ಎಲ್‌ಇಡಿ ಬಲ್ಬು ಇಲ್ಲಿ ಉಪಯೋಗಕ್ಕೆ ಬಾರದು. ಬಲ್ಬುಗಳಿಗೆ ತಗಡಿನ ಮರೆ ಕಟ್ಟಿ. ಇಲ್ಲದಿದ್ದರೆ ಹತ್ತಿರದ ಮೊಟ್ಟೆಗಳು ನೇರ ಶಾಖಕ್ಕೆ ಬೇಯುತ್ತವೆ. 80 ಮಿ.ಮೀ.ನ 12 ವೋಲ್ಟ್ ಕಂಪ್ಯೂಟರ್ ಫ್ಯಾನನ್ನು 8 ವೋಲ್ಟಿಗೆ ಇಳಿಸಿ ಓಡಿಸಿ. ಪೂರ್ತಿ ವೇಗದಲ್ಲಿ ಬಿಟ್ಟರೆ ಪೆಟ್ಟಿಗೆ ಒಣಗುತ್ತದೆ. ಗಾಳಿಯಾಡಲು 10 ಮಿ.ಮೀ.ನ ನಾಲ್ಕು ತೂತು, ಕೆಳಗೆ ಎರಡು, ಮೇಲೆ ಎರಡು. ತಳದಲ್ಲಿ ಅಗಲ ತಟ್ಟೆಯಲ್ಲಿ ನೀರು, ತೇವಾಂಶ ಶೇ. 55ರಿಂದ 60.

ನಿಯಂತ್ರಣಕ್ಕೆ ಡಬ್ಲ್ಯು1209 ಎಂಬ ಥರ್ಮೋಸ್ಟಾಟ್ ಬೋರ್ಡು. ಅದು ಅಂಗಡಿಯಿಂದ ಬರುವಾಗ ತಂಪು ಮಾಡುವ ಮೋಡಿನಲ್ಲಿ, 2 ಡಿಗ್ರಿ ಅಂತರಕ್ಕೆ ಹೊಂದಿಸಿರುತ್ತದೆ. ಅದರ ಮೆನುವಿನಲ್ಲಿ ಪಿ0ಯನ್ನು ‘ಎಚ್’ಗೆ (ಬಿಸಿ ಮಾಡುವ ಮೋಡು), ಅಂತರದ ಪಿ1ನ್ನು 0.3ಕ್ಕೆ ಬದಲಿಸಬೇಕು. ಸಂವೇದಕದ ತುದಿಯನ್ನು ಮೊಟ್ಟೆಗಳ ಮಟ್ಟದಲ್ಲೇ ಕಟ್ಟಿ, ಪಕ್ಕದಲ್ಲಿ ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಇಟ್ಟು ಹೋಲಿಸಿ, ವ್ಯತ್ಯಾಸವನ್ನು ಪಿ4ರಲ್ಲಿ ಸರಿಪಡಿಸಿ. ಜ್ವರದ ಥರ್ಮಾಮೀಟರ್ ತಲುಪಿದ ಗರಿಷ್ಠ ಶಾಖವನ್ನೇ ಹಿಡಿದುಕೊಂಡಿರುತ್ತದೆ, ಪ್ರತಿ ಸಲ ಒದರಬೇಕು. ಬೋರ್ಡನ್ನು ಪೆಟ್ಟಿಗೆಯ ಹೊರಗೇ ಇಡಿ: ಒಳಗಿನ ತೇವಕ್ಕೆ ರಿಲೇ ಹಾಳಾಗುತ್ತದೆ, 230 ವೋಲ್ಟ್ ತಂತಿಯೂ ಅಲ್ಲೇ ಇದೆ.

ರಿಲೇಯ ಸಂಪರ್ಕಗಳು ಅಂಟಿಕೊಂಡು ಬಲ್ಬು ಆರದೇ ಉಳಿಯುವುದು ಇಂಥ ಪೆಟ್ಟಿಗೆಗಳ ಮಾಮೂಲು ಕಾಯಿಲೆ. ಅದಕ್ಕೆ 38.5 ಡಿಗ್ರಿಗೆ ಹೊಂದಿಸಿದ ಎರಡನೇ ಬೋರ್ಡನ್ನು ಸರಣಿಯಲ್ಲಿ ಸೇರಿಸಿ. ಅಗ್ಗದ ಬೈಮೆಟಲ್ ಸ್ವಿಚ್ಚು ಐದು ಡಿಗ್ರಿ ಆಚೀಚೆ ಆಗಬಲ್ಲದು; ಅದು ಪೆಟ್ಟಿಗೆಯನ್ನು ಬೆಂಕಿಯಿಂದ ಉಳಿಸೀತು, ಭ್ರೂಣವನ್ನಲ್ಲ. ಕರೆಂಟು ಹೋಗುವ ಊರಾದರೆ ಯುಪಿಎಸ್ ಬೇಕು. ಮೊಟ್ಟೆ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಪೂರಾ ಒಂದು ದಿನ ಓಡಿಸಿ ನೋಡಿ.

ಮೊಟ್ಟೆ

ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣವಿರುವುದಿಲ್ಲ. ಆ ಕೋಳಿಗಳ ಜೊತೆ ಹುಂಜವೇ ಇರದು. ಮರಿ ಮಾಡಿಸುವ ಮೊಟ್ಟೆಯೇ ಬೇಕು. ಬೆಂಗಳೂರಿನ ಸುತ್ತ ಇರುವವರು ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೋ ಹತ್ತಿರದ ಹ್ಯಾಚರಿಯಲ್ಲೋ ವಿಚಾರಿಸಬಹುದು. ತಳಿ ಯಾವುದಾದರೂ ಸರಿ, ಇಡೀ ಪ್ರಯೋಗಕ್ಕೆ ಒಂದೇ ತಳಿ, ಒಂದೇ ಹಿಂಡು ಇರಲಿ. ಬ್ರಾಯ್ಲರ್ ಮತ್ತು ಲೆಗ್‌ಹಾರ್ನ್ ಬೆರೆಸಬೇಡಿ. ಸಂಗ್ರಹಕ್ಕೆ 15 ಡಿಗ್ರಿ, ಹೆಚ್ಚೆಂದರೆ ಒಂದು ವಾರ. ಮನೆಯ ಫ್ರಿಜ್ಜಿನ 4 ಡಿಗ್ರಿ ತೀರಾ ತಂಪು. ಬೇಸಿಗೆಯಲ್ಲಿ ಬಸ್ಸಿನಲ್ಲಿ ತಂದ ಮೊಟ್ಟೆಗಳಲ್ಲಿ ಭ್ರೂಣ ದಾರಿಯಲ್ಲೇ ಅರೆಬರೆ ಬೆಳೆಯಲು ತೊಡಗಿ ಕೆಡುತ್ತದೆ, ಆದ್ದರಿಂದ ಬೆಳಗಿನ ಜಾವ ಸಾಗಿಸಿ.

ನಾಲ್ಕು ವಯಸ್ಸಿಗೆ ತಲಾ ನಾಲ್ಕು ಕತ್ತರಿಸಿದ ಭ್ರೂಣ ಮತ್ತು ಎರಡು ಹುಸಿಶಸ್ತ್ರದ ಭ್ರೂಣ (ಮೊಗ್ಗು ತೆಗೆಯುವುದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿದ್ದು), ಒಟ್ಟು 24 ಬೇಕು. ಭ್ರೂಣ ಕಟ್ಟದ ಮೊಟ್ಟೆ, ಹಂತ ಹೊಂದದ ಭ್ರೂಣ, ಆಮೇಲೆ ಸಾಯುವವು ಇವನ್ನೆಲ್ಲ ಕಳೆದರೆ 24 ಕೈಗೆ ಬರಲು 60 ಮೊಟ್ಟೆಯಾದರೂ ಇಡಬೇಕು. ಅಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಭ್ರೂಣ ತೇಲಿ ಆ ಗುರುತಿನ ಕೆಳಗೇ ಬಂದು ನಿಲ್ಲುತ್ತದೆ. ಶುಕ್ರವಾರ ಸಂಜೆ 6ಕ್ಕೆ ಇಟ್ಟರೆ ಸೋಮವಾರ ಬೆಳಿಗ್ಗೆ 10ಕ್ಕೆ 64 ಗಂಟೆ. ಇದಕ್ಕಿಂತ ಅನುಕೂಲದ ವೇಳೆ ಇಲ್ಲ.

ಎರಡೂವರೆ ದಿನ: ಕಿಟಕಿ ಮತ್ತು ಕತ್ತರಿ

ರಿಂಗರ್ ದ್ರಾವಣ, ಒಂದು ಲೀಟರಿಗೆ: ಸೋಡಿಯಂ ಕ್ಲೋರೈಡ್ 7.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.37 ಗ್ರಾಂ, ಎರಡು ನೀರಿನಣುವಿರುವ ಕ್ಯಾಲ್ಸಿಯಂ ಕ್ಲೋರೈಡ್ 0.225 ಗ್ರಾಂ. ಆಟೊಕ್ಲೇವ್ ಮಾಡಿ, ತಣಿದ ಮೇಲೆ ಮಿಲಿಲೀಟರಿಗೆ 100 ಯೂನಿಟ್ ಪೆನಿಸಿಲಿನ್, 100 ಮೈಕ್ರೋಗ್ರಾಂ ಸ್ಟ್ರೆಪ್ಟೊಮೈಸಿನ್ ಸೇರಿಸಿ. ಬಳಸುವಾಗ ದ್ರಾವಣ ಬೆಚ್ಚಗಿರಲಿ. ತಣ್ಣನೆಯ ಹನಿ ಬಿದ್ದರೆ ಭ್ರೂಣದ ಹೃದಯ ನಿಧಾನವಾಗುತ್ತದೆ.

ಮೊಟ್ಟೆಯನ್ನು ಶೇ. 70 ಆಲ್ಕೋಹಾಲ್‌ನಿಂದ ಒರೆಸಿ. ಮೊಂಡು ತುದಿಯಲ್ಲಿ ಸಣ್ಣ ತೂತು ಮಾಡಿ, 18 ಗೇಜ್ ಸೂಜಿಯನ್ನು ತಳಕ್ಕೆ ವಾಲಿಸಿ ಚುಚ್ಚಿ, 3 ಮಿ.ಲೀ. ಬಿಳಿ ಲೋಳೆ ಎಳೆಯಿರಿ. ಸಿರಿಂಜಿನಲ್ಲಿ ಹಳದಿ ಕಂಡರೆ ಆ ಮೊಟ್ಟೆ ಮುಗಿಯಿತು. ಲೋಳೆ ತೆಗೆಯದೆ ಕಿಟಕಿ ಕತ್ತರಿಸಿದರೆ ಚಿಪ್ಪಿನ ಒಳಪೊರೆಗೆ ಅಂಟಿದ ಭ್ರೂಣ ಕತ್ತರಿಯ ಜೊತೆಗೇ ಬರುತ್ತದೆ. ತೂತಿಗೆ ಟೇಪ್ ಹಾಕಿ, ಪೆನ್ಸಿಲ್ ಗುರುತಿನ ಮೇಲೂ ಅಗಲ ಟೇಪ್ ಅಂಟಿಸಿ, ಬಾಗಿದ ಕತ್ತರಿಯಿಂದ 2 ಸೆಂ.ಮೀ. ಕಿಟಕಿ ತೆರೆಯಿರಿ. ಟೇಪಿದ್ದರೆ ಚಿಪ್ಪಿನ ಚೂರು ಒಳಗೆ ಉದುರುವುದಿಲ್ಲ.

ಭ್ರೂಣ ಪಾರದರ್ಶಕ, ಹಳದಿಯ ಮೇಲೆ ಏನೂ ಕಾಣದು. ರಿಂಗರ್‌ನಲ್ಲಿ ಹತ್ತಕ್ಕೆ ಒಂದರಂತೆ ತೆಳುವಾಗಿಸಿದ ಇಂಡಿಯನ್ ಇಂಕನ್ನು ಸಣ್ಣ ಸೂಜಿಯಿಂದ ಭ್ರೂಣದ ಕೆಳಗೆ ಸ್ವಲ್ಪ ಬಿಡಿ. ಶೆಲ್ಯಾಕ್ ಬೆರೆಸಿದ ಇಂಕ್ ಭ್ರೂಣವನ್ನು ಕೊಲ್ಲುತ್ತದೆ; ಬಾಟಲಿಯ ಮೇಲೆ ಜಲನಿರೋಧಕ ಎಂದಿದ್ದರೆ ಮೊದಲು ಎರಡು ಮೊಟ್ಟೆಗಳಲ್ಲಿ ಹಾಕಿ ಒಂದು ದಿನ ಕಾದು ನೋಡಿ.

ಗಂಟೆಯನ್ನು ನಂಬದೆ ಸೊಮೈಟ್ (ಬೆನ್ನಿನ ಉದ್ದಕ್ಕೂ ಜೋಡಿಯಾಗಿ ಕಾಣುವ ಅಂಗಾಂಶದ ತುಣುಕು) ಎಣಿಸಿ. ಬೇಕಾದದ್ದು ಕೋಳಿ ಭ್ರೂಣದ ಬೆಳವಣಿಗೆಯ ಹ್ಯಾಂಬರ್ಗರ್-ಹ್ಯಾಮಿಲ್ಟನ್ ಪಟ್ಟಿಯ 17ರಿಂದ 18ನೇ ಹಂತ, ಅಂದರೆ 30ರಿಂದ 36 ಸೊಮೈಟ್. ಕಾಲಿನ ಮೊಗ್ಗು 26ರಿಂದ 32ನೇ ಸೊಮೈಟ್‌ಗಳ ಎದುರಿಗೆ ತಗ್ಗಾದ ಉಬ್ಬಾಗಿ ಕಾಣುತ್ತದೆ. ಭ್ರೂಣ ಎಡಕ್ಕೆ ಹೊರಳಿ ಮಲಗಿರುತ್ತದೆ, ಮೇಲೆ ಕಾಣುವುದು ಬಲಬದಿ, ಕತ್ತರಿಸುವುದೂ ಬಲಮೊಗ್ಗನ್ನೇ.

ಕತ್ತರಿಸಲು ಟಂಗ್‌ಸ್ಟನ್ ಸೂಜಿ. 0.25 ಮಿ.ಮೀ. ತಂತಿಯನ್ನು ಗಾಜಿನ ಕೊಳವೆಗೆ ಸಿಕ್ಕಿಸಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ (ಲೀಟರಿಗೆ 40 ಗ್ರಾಂ) ತುದಿ ಅದ್ದಿ, ಟ್ರಾನ್ಸ್‌ಫಾರ್ಮರಿನ 6 ವೋಲ್ಟ್ ಎಸಿ ಹಾಯಿಸಿ. ಇನ್ನೊಂದು ತುದಿಗೆ ಪೆನ್ಸಿಲ್ ಕಾರ್ಬನ್ ಸಾಕು. ತುದಿಯನ್ನು ಅದ್ದಿ ಎತ್ತುತ್ತಿದ್ದರೆ ನೀಳವಾಗಿ ಚೂಪಾಗುತ್ತದೆ; ಅಲ್ಲಾಡಿಸದೆ ಬಿಟ್ಟರೆ ದ್ರಾವಣದ ಮಟ್ಟದಲ್ಲಿ ಸವೆದು ತುಂಡಾಗುತ್ತದೆ. ಕನ್ನಡಕ ಹಾಕಿಕೊಳ್ಳಿ.

ಮೊಗ್ಗಿನ ಮೇಲೆ ಮಾತ್ರ ಪೊರೆಯನ್ನು ಸೀಳಿ, ಬುಡದ ಉದ್ದಕ್ಕೂ ಸಣ್ಣ ಸಣ್ಣ ಗೀರು ಹಾಕುತ್ತ ಬಂದು, 5ನೇ ನಂಬರಿನ ಚಿಮಟದಿಂದ ಮೊಗ್ಗನ್ನು ಎತ್ತಿ ತೆಗೆಯಿರಿ. ತುದಿಯ ಅಂಚನ್ನು ಮಾತ್ರ ಕತ್ತರಿಸಿದರೆ ತೊಡೆ ಬೆಳೆದುಬಿಡುತ್ತದೆ, ತೊಡೆಯ ಸ್ನಾಯುಗಳಿಗೆ ಹೋಗುವ ನರಕೋಶಗಳು ಬದುಕುತ್ತವೆ, ಲೆಕ್ಕ ಗೊಂದಲವಾಗುತ್ತದೆ. ಬುಡಕ್ಕಿಂತ ಆಳಕ್ಕೆ ಹೋದರೆ ಸೊಮೈಟ್‌ಗೂ ನರನಾಳಕ್ಕೂ ಗಾಯ. ಆಮೇಲೆ ಕಾಣುವ ಸಾವು ಗಾಯದ್ದೋ ಕಾಲಿಲ್ಲದ್ದೋ ಹೇಳಲು ಬರುವುದಿಲ್ಲ. ಬಾಲದ ಬುಡದಲ್ಲಿರುವ ಅಲಾಂಟಾಯಿಸ್‌ನ ಪುಟ್ಟ ಚೀಲಕ್ಕೆ ಸೂಜಿ ತಗುಲದಿರಲಿ, ಮುಂದಿನ ದಿನಗಳ ಉಸಿರಾಟ ಅದರದ್ದು. ಹುಸಿಶಸ್ತ್ರದ ಮೊಟ್ಟೆಗಳಿಗೆ ಕಿಟಕಿ, ಇಂಕ್, ಪೊರೆ ಸೀಳುವುದು ಎಲ್ಲ ಮಾಡಿ ಮೊಗ್ಗನ್ನು ಮಾತ್ರ ಬಿಡಿ.

ಎರಡು ಹನಿ ರಿಂಗರ್ ಹಾಕಿ, ಕಿಟಕಿಗೆ ಸುಕ್ಕಿಲ್ಲದಂತೆ ಟೇಪ್ ಅಂಟಿಸಿ, ಕಿಟಕಿ ಮೇಲಾಗಿಯೇ ಪೆಟ್ಟಿಗೆಗೆ ಮರಳಿಸಿ. ಇನ್ನು ತಿರುಗಿಸಬಾರದು. ಮರುದಿನ ಸತ್ತವುಗಳಲ್ಲಿ ಹೆಚ್ಚಿನವು ರಕ್ತನಾಳ ಹರಿದವು. ಮೂರು ನಾಲ್ಕು ದಿನ ಬಿಟ್ಟು ಸತ್ತವುಗಳಲ್ಲಿ ಟೇಪಿನ ಅಂಚಿನಲ್ಲಿ ಸೋರಿ ಒಣಗಿದವೋ ಬೂಷ್ಟು ಹಿಡಿದವೋ ಸಿಗುತ್ತವೆ.

5, 6, 8, 10ನೇ ದಿನ: ತೆಗೆಯುವುದು, ಸೆಕ್ಷನ್, ಬಣ್ಣ

ಮೊಟ್ಟೆಯನ್ನು ಮಂಜುಗಡ್ಡೆಯಲ್ಲಿ ತಣಿಸಿ, ಭ್ರೂಣವನ್ನು ಹೊರತೆಗೆದು ತಕ್ಷಣ ತಲೆ ಬೇರ್ಪಡಿಸಿ. ಬಲಗಾಲಿನ ಜಾಗದಲ್ಲಿ ಏನಿದೆ ಎಂದು ಈಗಲೇ ಚಿತ್ರ ಬಿಡಿಸಿ ಬರೆದಿಡಿ. ಮೊಂಡು ತೊಡೆಯಿದ್ದ ಭ್ರೂಣ ಎಣಿಕೆಗೆ ಬೇಡ. ಕಾಲಿಲ್ಲದಿರುವುದೇ ಬಲಬದಿಯ ಗುರುತು, ಆದರೆ ಹುಸಿಶಸ್ತ್ರದವುಗಳಿಗೆ ಹೊಟ್ಟೆಯ ಎಡಗೋಡೆಯಲ್ಲಿ ಕಚ್ಚು ಹಾಕಬೇಕು. ಇಲ್ಲದಿದ್ದರೆ ಸ್ಲೈಡಿನ ಮೇಲೆ ಮಗುಚಿ ಬಿದ್ದ ಸೆಕ್ಷನ್ನಿನಲ್ಲಿ ಎಡಬಲ ತಿಳಿಯುವುದಿಲ್ಲ.

ಅಂಗಾಂಶವನ್ನು ಕೆಡದಂತೆ ಸ್ಥಿರೀಕರಿಸುವ ಕಾರ್ನಾಯ್ ದ್ರಾವಣ: ಶುದ್ಧ ಆಲ್ಕೋಹಾಲ್ 60, ಕ್ಲೋರೋಫಾರ್ಮ್ 30, ಗ್ಲೇಸಿಯಲ್ ಅಸಿಟಿಕ್ ಆಮ್ಲ 10 ಮಿ.ಲೀ. ಬೇಕಾದಾಗ ಹೊಸದಾಗಿಯೇ ಮಾಡಿ, ಹುಡ್‌ನೊಳಗೆ. 5-6ನೇ ದಿನದ ಮುಂಡಕ್ಕೆ 2 ಗಂಟೆ, 8-10ನೇ ದಿನದ್ದಕ್ಕೆ ಹೊಟ್ಟೆ ಸೀಳಿ ಕರುಳು ತೆಗೆದು 4 ಗಂಟೆ. ರಾತ್ರಿಯಿಡೀ ಬಿಟ್ಟರೆ ಅಂಗಾಂಶ ಗರಿಗರಿಯಾಗಿ ಮೈಕ್ರೋಟೋಮಿನಲ್ಲಿ ಪುಡಿಯಾಗುತ್ತದೆ. ಆಮೇಲೆ ನೇರ ಶುದ್ಧ ಆಲ್ಕೋಹಾಲ್ ಎರಡು ಸಲ, ಕ್ಸೈಲೀನ್, 58-60 ಡಿಗ್ರಿಯ ಪ್ಯಾರಾಫಿನ್ ಮೂರು ಬದಲಾವಣೆ. ಬೆನ್ನುಹುರಿಗೆ ಅಡ್ಡವಾಗಿ 10 ಮೈಕ್ರಾನ್ ಸೆಕ್ಷನ್, ಸೊಂಟದ ಭಾಗದ್ದು ಒಂದೂ ಬಿಡದೆ, ಕ್ರಮ ತಪ್ಪದೆ. ಕಳೆದುಹೋದ ಸೆಕ್ಷನ್ನಿನ ನಂಬರನ್ನೂ ಬರೆಯಬೇಕು. ಬಣ್ಣಕ್ಕೆ ಆಮ್ಲೀಯ ಬಫರಿನಲ್ಲಿ ಶೇ. 0.1 ಥಯೋನಿನ್, ಐದರಿಂದ ಹತ್ತು ನಿಮಿಷ, ಶೇ. 95 ಆಲ್ಕೋಹಾಲ್‌ನಲ್ಲಿ ನೋಡುತ್ತ ನೋಡುತ್ತ ಇಳಿಸುವುದು. ಬಣ್ಣ ಗಾಢವಾಗಿ ಉಳಿದರೆ ಬದುಕಿದ್ದೂ ಸತ್ತದ್ದೂ ಒಂದೇ ರೀತಿ ಕಾಣುತ್ತದೆ.

ಎಣಿಕೆ

ಹೊಸಬರು ಮೊದಲ ದಿನ ಸ್ಲೈಡ್ ನೋಡಿ ‘ಇಲ್ಲಿ ಯಾರೂ ಸಾಯುತ್ತಿಲ್ಲವಲ್ಲ’ ಎನ್ನುತ್ತಾರೆ. ಲೆಕ್ಕ ಹಾಕಿ: ಸಹಜ ಬದಿಯಲ್ಲಿ 6ರಿಂದ 10ನೇ ದಿನದೊಳಗೆ 8,000 ಕೋಶ, ಅಂದರೆ 96 ಗಂಟೆಯಲ್ಲಿ ಗಂಟೆಗೆ 83. ಸತ್ತ ಕೋಶವನ್ನು ನೆರೆಯ ಕೋಶಗಳು ಕೆಲವೇ ಗಂಟೆಗಳಲ್ಲಿ ನುಂಗಿ ಅರಗಿಸಿಕೊಳ್ಳುತ್ತವೆ. ಹೆಣ ಕಣ್ಣಿಗೆ ಕಾಣುವುದು 4 ಗಂಟೆ ಎಂದಿಟ್ಟುಕೊಂಡರೆ, ಯಾವ ಕ್ಷಣದಲ್ಲಾದರೂ ಕಾಣಸಿಗುವುದು ಸುಮಾರು 330, ಆಗ ಇರುವ ಕೋಶಗಳ ಶೇ. 2. ಕಂಬದ ಉದ್ದ 2.5 ಮಿ.ಮೀ. ಇದ್ದರೆ 250 ಸೆಕ್ಷನ್‌ಗಳಿಗೆ ಹಂಚಿ, ಒಂದೊಂದರಲ್ಲಿ ಒಂದೋ ಎರಡೋ. ಐದರಲ್ಲಿ ಎರಡು ಕೋಶ ಸಾಯುವ ಅಂಗಾಂಶ ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಈ ಸಾವನ್ನು ಬಹಳ ಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಬದುಕಿರುವ ಚಾಲಕ ನರಕೋಶ: ದೊಡ್ಡ ತಿಳಿ ನ್ಯೂಕ್ಲಿಯಸ್, ಎದ್ದು ಕಾಣುವ ನ್ಯೂಕ್ಲಿಯೋಲಸ್, ಸುತ್ತ ನೀಲಿ ಕೋಶರಸ. ಸಾಯುತ್ತಿರುವುದು: ನ್ಯೂಕ್ಲಿಯಸ್ ಕುಗ್ಗಿ, ಒಂದೋ ಹಲವೋ ಕಪ್ಪು ದುಂಡು ಗುಂಡುಗಳಾಗಿರುತ್ತದೆ. ಒಂದು ಕೋಶದಗಲದೊಳಗೆ ಗುಂಪಾಗಿರುವ ಗುಂಡುಗಳನ್ನು ಒಂದೇ ಎಂದು ಎಣಿಸಿ. ಹಕ್ಕಿಗಳ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುತ್ತದೆ ಎಂಬುದನ್ನು ಮರೆತರೆ ಎಣಿಕೆ ಕೆಟ್ಟಿತು. ಲೋಮನಾಳದಲ್ಲಿ ಸಿಕ್ಕಿಕೊಂಡ ರಕ್ತಕಣ ಥೇಟ್ ಸತ್ತ ಕೋಶದ ಹಾಗೆ. ಅದು ಅಂಡಾಕಾರ, ಅಂಚು ನಯ, ಸಾಮಾನ್ಯವಾಗಿ ಸಾಲಾಗಿರುತ್ತದೆ. ಅನುಮಾನ ಬಂದರೆ ಎಣಿಸಬೇಡಿ.

ಪ್ರತಿ ಹತ್ತನೇ ಸೆಕ್ಷನ್ ಎಣಿಸಿ ಹತ್ತರಿಂದ ಗುಣಿಸಿ. ಎರಡು ಸೆಕ್ಷನ್‌ಗಳಲ್ಲಿ ಹಂಚಿಹೋದ ನ್ಯೂಕ್ಲಿಯಸ್ ಎರಡು ಸಲ ಎಣಿಕೆಯಾಗುತ್ತದೆ, ಅದಕ್ಕೆ ಅಬರ್‌ಕ್ರೋಂಬಿ 1946ರಲ್ಲಿ ಕೊಟ್ಟ ತಿದ್ದುಪಡಿ: ಸೆಕ್ಷನ್ನಿನ ದಪ್ಪವನ್ನು, ದಪ್ಪ ಮತ್ತು ನ್ಯೂಕ್ಲಿಯಸ್ಸಿನ ಎತ್ತರ ಇವೆರಡರ ಮೊತ್ತದಿಂದ ಭಾಗಿಸಿ ಬಂದದ್ದರಿಂದ ಗುಣಿಸುವುದು. ದಪ್ಪ 10, ನ್ಯೂಕ್ಲಿಯಸ್ 7 ಮೈಕ್ರಾನ್ ಆದರೆ 10 ÷ 17 = 0.588. ಎಣಿಕೆ 2,100 ಬಂದಿದ್ದರೆ 21,000 × 0.588, ಸುಮಾರು 12,350. ಕಾಲಿಲ್ಲದ ಬದಿಯ ಕೋಶಗಳು ಸಾಯುವ ಮೊದಲು ಸೊರಗುತ್ತವೆ. ಅಲ್ಲಿ ನ್ಯೂಕ್ಲಿಯಸ್ 5.5 ಮೈಕ್ರಾನ್‌ಗೆ ಇಳಿದಿದ್ದರೆ ಗುಣಕ 0.645 ಆಗಬೇಕು; ಎಡಬದಿಯ ಗುಣಕವನ್ನೇ ಹಾಕಿದರೆ ಬಲಬದಿಯ ಎಣಿಕೆ ಶೇ. 9ರಷ್ಟು ಕಡಿಮೆ ಬರುತ್ತದೆ, ಅದೂ ನಮಗೆ ಬೇಕಾದ ದಿಕ್ಕಿನಲ್ಲೇ. ಹಾಗಾಗಿ ಪ್ರತಿ ಬದಿ, ಪ್ರತಿ ವಯಸ್ಸಿಗೆ ನ್ಯೂಕ್ಲಿಯಸ್‌ಗಳನ್ನು ಬೇರೆಯಾಗಿ ಅಳೆಯಬೇಕು.

ಕಂಬ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದನ್ನು ಎಡಬದಿಯಲ್ಲಿ ತೀರ್ಮಾನಿಸಿ ಅದೇ ನಂಬರುಗಳನ್ನು ಬಲಕ್ಕೂ ಅನ್ವಯಿಸಿ. ಬಲದಲ್ಲಿ ಕಂಬವೂ ಪಕ್ಕದ ಗ್ಯಾಂಗ್ಲಿಯನ್ನುಗಳೂ (ಸಂವೇದಕ ನರಕೋಶಗಳ ಗಂಟುಗಳು) ಸಣ್ಣದಾಗಿ ಗಡಿ ತಿಳಿಯದು. ಎಣಿಸುವವರಿಗೆ ಸ್ಲೈಡಿನ ವಯಸ್ಸು, ಬದಿ ಗೊತ್ತಾಗದಂತೆ ಲೇಬಲ್ ಮುಚ್ಚಿ, ಚಿತ್ರದಲ್ಲಿ ಬೆನ್ನುಹುರಿಯ ಅರ್ಧ ಭಾಗ ಮಾತ್ರ ಕಾಣುವಂತೆ ಕತ್ತರಿಸಿ ಕೊಡಿ. ಕಾಲು ಕಂಡರೆ ಲೇಬಲ್ ಮುಚ್ಚಿದ್ದು ದಂಡ.

ಅಂಕಿಗಳು ಬರಬೇಕಾದ ರೀತಿ, ಬಾರದಿದ್ದಾಗ

5ನೇ ದಿನ ಎರಡೂ ಬದಿ ಬಹುಮಟ್ಟಿಗೆ ಸಮ ಇರಬೇಕು. ಇಡೀ ವಾದ ನಿಂತಿರುವುದು ಇದರ ಮೇಲೆ: ಕಾಲಿಲ್ಲದಿದ್ದರೂ ಕೋಶಗಳು ಹುಟ್ಟಿದವು. 6ನೇ ದಿನದ ಹೊತ್ತಿಗೆ ಬಲದಲ್ಲಿ ಕಪ್ಪು ಗುಂಡುಗಳು ಎಡಕ್ಕಿಂತ ಬಹಳ ಹೆಚ್ಚು. 10ಕ್ಕೆ ಎಡದಲ್ಲಿ 12,000ದ ಸುತ್ತ, ಬಲದಲ್ಲಿ ಹುಟ್ಟಿದ್ದರ ಹತ್ತರಲ್ಲೊಂದು ಪಾಲಿನಷ್ಟು.

5ನೇ ದಿನವೇ ಬಲಬದಿ ತೀರಾ ಕಡಿಮೆಯಿದ್ದರೆ ಮೊದಲು ಸಂಶಯಪಡಬೇಕಾದದ್ದು ಆಳದ ಕತ್ತರಿಯನ್ನು. ಬೆನ್ನುಹುರಿಯ ಬೆನ್ನಿನ ಭಾಗವೂ ಸೊಟ್ಟಗಿದ್ದರೆ ಖಚಿತ. ಹುಸಿಶಸ್ತ್ರದವುಗಳಲ್ಲೂ ಎಡಬಲ ವ್ಯತ್ಯಾಸ ಬಂದರೆ ಸೆಕ್ಷನ್ ಓರೆಯಾಗಿದೆ: ಒಂದೇ ಸೆಕ್ಷನ್ನಿನ ಎರಡು ಬದಿ ಕಂಬದ ಎರಡು ಮಟ್ಟದಿಂದ ಬಂದಿವೆ. ಎಡಬದಿ 10ನೇ ದಿನವೂ 12,000ಕ್ಕಿಂತ ಬಹಳ ಹೆಚ್ಚಿದ್ದರೆ ಭ್ರೂಣದ ಹಂತ ನೋಡಿ. ಪೆಟ್ಟಿಗೆ ತಂಪಾಗಿ ಓಡಿದ್ದರೆ ಕ್ಯಾಲೆಂಡರಿನ 10ನೇ ದಿನ ಭ್ರೂಣಕ್ಕೆ 8 ಇರಬಹುದು.

ಮುಂದಿನ ಹೆಜ್ಜೆ ಎರಡು ದಿಕ್ಕಿನಲ್ಲಿದೆ. ಹಾಲಿಡೇ ಮತ್ತು ಹ್ಯಾಂಬರ್ಗರ್ 1976ರಲ್ಲಿ ಒಂದು ಹೆಚ್ಚುವರಿ ಕಾಲನ್ನು ಕಸಿ ಮಾಡಿ, ಸಾಯಬೇಕಿದ್ದ ಕೋಶಗಳಲ್ಲಿ ಒಂದಷ್ಟು ಉಳಿಯುವುದನ್ನು ತೋರಿಸಿದರು. ಅದಕ್ಕೆ ಕೈ ಪಳಗಿರಬೇಕು, ಮೊದಲ ಸುತ್ತಿಗೆ ಬೇಡ. ಪಿಟ್‌ಮನ್ ಮತ್ತು ಓಪನ್‌ಹೈಮ್ 1970ರ ದಶಕದ ಕೊನೆಯಲ್ಲಿ ಕ್ಯುರಾರೆಯಿಂದ ಸ್ನಾಯುಗಳನ್ನು ನಿಶ್ಚಲ ಮಾಡಿದಾಗಲೂ ಸಾವು ನಿಂತಿತು. ಔಷಧ ನಿಲ್ಲಿಸಿ ಚಲನೆ ಮರಳಿದ ಮೇಲೆ ಉಳಿದಿದ್ದ ಕೋಶಗಳು ಸಾಯತೊಡಗಿದವು. ಕ್ಯುರಾರೆ ಮನುಷ್ಯರ ಉಸಿರನ್ನೂ ನಿಲ್ಲಿಸಬಲ್ಲ ವಿಷ, ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲ. ನರ ಬೆಳವಣಿಗೆ ಅಂಶವೆಂಬ ಎನ್‌ಜಿಎಫ್ ಹಾಕಿ ಚಾಲಕ ನರಕೋಶಗಳನ್ನು ಉಳಿಸುವ ಯೋಜನೆಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅದು ಪಕ್ಕದ ಗ್ಯಾಂಗ್ಲಿಯನ್ನಿನ ಸಂವೇದಕ ಕೋಶಗಳನ್ನು ಉಳಿಸುತ್ತದೆ, ಚಾಲಕ ಕೋಶಗಳನ್ನಲ್ಲ. ಇವಕ್ಕೆ ಬಿಡಿಎನ್‌ಎಫ್, ಜಿಡಿಎನ್‌ಎಫ್‌ನಂಥ ಬೇರೆ ಬೆಳವಣಿಗೆ ಅಂಶಗಳು ಬೇಕು.

ಸಾವು ಕೋಶದ ಒಳಗಿನದೇ ಯಂತ್ರದ ಕೆಲಸ ಎಂದು ತೋರಿಸಲು ಸೀಳಿದ ಕ್ಯಾಸ್ಪೇಸ್-3ರ (ಕೋಶವನ್ನು ಒಳಗಿನಿಂದ ಕೊಲ್ಲುವ ಕಿಣ್ವ) ಪ್ರತಿಕಾಯ ಅಥವಾ ತುಂಡಾದ ಡಿಎನ್‌ಎಯ ತುದಿಗಳನ್ನು ಟಿಡಿಟಿ ಕಿಣ್ವದಿಂದ ಗುರುತಿಸುವ ಟನೆಲ್ ಬಣ್ಣ ಬಳಸಬಹುದು. ಅದಕ್ಕೆ ಕಾರ್ನಾಯ್ ಬೇಡ, ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರೀಕರಿಸಿದ ಬೇರೆ ಭ್ರೂಣಗಳನ್ನು ಇಡಿ. ಟನೆಲ್‌ನಲ್ಲಿ ಪ್ರೋಟೀನೇಸ್-ಕೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ, 10ರಿಂದ 15 ನಿಮಿಷ. ಹೆಚ್ಚಾದರೆ ಸೆಕ್ಷನ್ ಸ್ಲೈಡಿನಿಂದ ಎದ್ದು ಹೋಗುತ್ತದೆ, ಕಡಿಮೆಯಾದರೆ ಕಿಣ್ವ ಒಳಗೆ ಇಳಿಯುವುದಿಲ್ಲ. ಡಿಎನ್‌ಏಸ್ ಕಿಣ್ವ ಹಾಕಿ ಡಿಎನ್‌ಎ ತುಂಡರಿಸಿದ ಒಂದು ಸ್ಲೈಡ್ ಪೂರ್ತಿ ಹೊಳೆಯಬೇಕು, ಟಿಡಿಟಿ ಕಿಣ್ವವಿಲ್ಲದ ಇನ್ನೊಂದು ಕತ್ತಲಾಗಿರಬೇಕು. ಈ ಎರಡು ಸ್ಲೈಡ್ ಜೊತೆಗಿಲ್ಲದ ಟನೆಲ್ ಚಿತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ.